ಶಿವನ ಪಾದ ಮುಟ್ಟಿಸುವ ಕೊಟ್ರಯ್ಯ

“ನನ್ನ ಬಾಯಿಂದ ‘ಶಿವನ ಪಾದ ಸೇರಿದ್ರು’ ಅನ್ನೋ ಮಾತು ಬಿತ್ತಂದ್ರ, ಹೋದೋರ ವೈರಿ ಸುದ್ದಾ ಗೊಳೋ ಅಂತ ಅಳ್ತಾನ್ರಿ. ಅಳ್ಲಿಲ್ಲಂದ್ರ ನನ್ನ ಹೆಸರು ಕೊಟ್ರಯ್ಯನ ಅಲ್ಲ.”

ಕಂಪ್ಲಿಯ ಕೊಟ್ರಯ್ಯ ಈ ಮಾತನ್ನು ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸ್ಸಿನ ಕಂಡಕ್ಟರನ ಎದುರು, ಯಾರೂ ಸಿಗದಿದ್ದರೆ ತನ್ನ ಮೊಪೆಡ್ಡಿನ ಎದುರಾದರೂ ಹೇಳುತ್ತಿದ್ದ. ಸಾಕ್ಷಿಗೆ ರಾಮಸಾಗರದ ಎಮ್ಮೆ ಇತ್ತು. ಅಲ್ಲಿಯ ಒಂದು ಮನೆಗೆ ಬೀಗರ ಸಾವಿನ ಸುದ್ದಿ ತಂದ ಕೊಟ್ರಯ್ಯ ಕೊಟ್ಟಿಗೆಯ ಮುಂದೆ ನಿಂತು ಹೇಳಿದಾಗ ಒಳಗಿದ್ದ ಎಮ್ಮೆಯೂ ಅತ್ತುಬಿಟ್ಟು, ಆ ವಾರವೆಲ್ಲ ಹಾಲು ಉಪ್ಪುಪ್ಪಾಗಿ ಬಂತಂತೆ. ಮಜ್ಜಿಗೆಗೆ ಉಪ್ಪು ಹಾಕುವ ಕೆಲಸವೇ ಬೀಳಲಿಲ್ಲ ಎಂದು ಆ ಮನೆಯವರು ಇವತ್ತಿಗೂ ಹೇಳುತ್ತಾರೆ. ಎಮ್ಮೆಯನ್ನೇ ಕೇಳೋಣವೆಂದರೆ ಅದು ಸತ್ತುಹೋಗಿದೆ. ಎಮ್ಮೆ ಸಾಯಬಹುದು. ಕೊಟ್ರಯ್ಯನ ಪ್ರಕಾರ ಸಾಯುವ ಹಕ್ಕು ಇದ್ದದ್ದು ದನಕರುಗಳಿಗೆ ಮಾತ್ರ. ಮನುಷ್ಯರು ಶಿವನ ಪಾದ ಸೇರಬೇಕು.

ಕೊಟ್ರಯ್ಯ ಅಯ್ಯನೋರ ಮನೆತನದವನು. ಮಂತ್ರ ಅರ್ಧಂಬರ್ಧ ಬರುತ್ತಿತ್ತು, ದನಿ ಮಾತ್ರ ಪೂರ್ತಿ ಇತ್ತು. ಹೀಗಾಗಿ ಪೂಜೆಗೆ ಕರೆಯುವವರು ಕಡಿಮೆಯಾಗಿ, ಸುದ್ದಿ ಮುಟ್ಟಿಸಲು ಕರೆಯುವವರು ಹೆಚ್ಚಾದರು. ಕಂಪ್ಲಿಯಲ್ಲಿ ಯಾರ ಮನೆಯಲ್ಲಿ ಯಾರು ತೀರಿಹೋದರೂ ಹೊಸಪೇಟೆ, ಸಂಡೂರು, ಕಮಲಾಪುರದ ನೆಂಟರಿಗೆ ಕೊಟ್ರಯ್ಯನೇ ಹೋಗಿ ಹೇಳಬೇಕು. ಅವನು ಹೊಸ್ತಿಲು ದಾಟುತ್ತಿರಲಿಲ್ಲ, ಕೂರುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತಗೊಂಡರೆ ಅರ್ಧ ಸುದ್ದಿ ಹೇಳಿದಂತೆ. ಆಮೇಲೆ ಆಕಾಶ ನೋಡಿ, “ಎಂಥಾ ಜೀವ…” ಎಂದು ತಡೆದು, ಕೊನೆಗೆ ಶಿವನನ್ನು ತರುತ್ತಿದ್ದ.

ಈ ಮಾತನ್ನು ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ ಎಂಬುದು ಅವನ ವಾದ. “ಸತ್ತ ಅಂದ್ರ ಸಿಡಿಲು ಬಡ್ದಂಗ. ಕೊಡ ಹೊತ್ತಾಕಿ ಕೊಡ ಬಿಡ್ತಾಳ, ಕೂಸು ಎತ್ತಿಕೊಂಡಾಕಿ ಕೂಸ ಬಿಡ್ತಾಳ. ಶಿವನ ಪಾದ ಅಂದ್ರ ಕೇಳ್ದಾಕಿ ಮೊದ್ಲು ಶಿವನ್ನ ನೆನೀಬೇಕು, ಆಮ್ಯಾಲ ಪಾದ ನೆನೀಬೇಕು, ಅಷ್ಟರಾಗ ಕೊಡ ಕೆಳಗ ಇಳಿಸಿರ್ತಾಳ.” ಕಂಪ್ಲಿ ಹೋಬಳಿಯಲ್ಲಿ ಎಷ್ಟು ಕೊಡ, ಎಷ್ಟು ಕೂಸು ಈ ಮಾತಿನಿಂದ ಉಳಿದಿವೆ ಎಂಬುದಕ್ಕೆ ಸರಕಾರ ಅವನಿಗೆ ಸನ್ಮಾನ ಮಾಡಬೇಕಿತ್ತು. ಆದರೆ ಆ ಕಾಲದಲ್ಲಿ ಸರಕಾರಕ್ಕೆ ಗುಡ್ಡಗಳನ್ನು ನೋಡಿಕೊಳ್ಳುವ ಕೆಲಸವೇ ಸಾಕಷ್ಟಿತ್ತು.

ಅದು ಚೀನಾದವರು ನಮ್ಮ ಮಣ್ಣನ್ನು ಚಿನ್ನವೆಂದು ತಿಳಿದ ಕಾಲ. ಅದಿರಿನ ಲಾರಿಗಳ ಸಾಲಿನ ತಲೆ ಸಂಡೂರಿನಲ್ಲಿದ್ದರೆ ಬಾಲ ಸಮುದ್ರದಲ್ಲಿ ನೆನೆಯುತ್ತಿತ್ತು. ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಹೋದವನು ಧೂಳು ಹಿಡಿದು ಕಾವಿಯಲ್ಲಿ ತಿರುಗಿ ಬರುತ್ತಿದ್ದ. ದಾರಿಯಲ್ಲಿ ಕಾಲಿಗೆ ಬೀಳುವವರನ್ನು ತಪ್ಪಿಸಿಕೊಳ್ಳುವುದೇ ಕಷ್ಟ. ಕಾಗೆಗಳೂ ಕೆಂಪಾಗಿ, ಹೆಂಗಸರು ಗರುಡ ಎಂದು ಕೈ ಮುಗಿಯುತ್ತಿದ್ದರು. ಇಂಥ ಕಾಲದಲ್ಲಿ ಸಾವಿನ ಮಾತು ಮಾತ್ರ ಹಳೆಯದಾಗಿ ಉಳಿದೀತೇ? ಎಲ್ಲರ ಕೈಗೂ ಮೊಬೈಲು ಬಂತು. ಮಂದಿ “ಎಕ್ಸ್‌ಪೈರ್” ಆಗತೊಡಗಿದರು, ಔಷಧಿ ಬಾಟಲಿಯ ಹಾಗೆ. ದುಡ್ಡಿದ್ದವರು ಅಷ್ಟಕ್ಕೇ ಒಪ್ಪಲಿಲ್ಲ. ಅವರ ಮನೆಯಲ್ಲಿ ಎಲ್ಲರೂ “ಲಿಂಗೈಕ್ಯ”ರಾಗತೊಡಗಿದರು. ಕೊಟ್ರಯ್ಯನ ತಿಳಿವಳಿಕೆಯಲ್ಲಿ ಅದು ಮಠದ ಸ್ವಾಮಿಗಳಿಗೆ, ಅಜ್ಜಾರಿಗೆ, ಸಲ್ಲುವ ಮಾತು. ಈಗ ಟಿಪ್ಪರ್ ಮಾಲೀಕರು, ಟಿಪ್ಪರ್ ಮಾಲೀಕರ ಮಾವಂದಿರು, ಕುಡಿದು ಕಾಲುವೆಗೆ ಬಿದ್ದ ಅವರ ಅಳಿಯಂದಿರು ಎಲ್ಲರೂ ಲಿಂಗೈಕ್ಯ. ಕೊಟ್ರಯ್ಯನನ್ನು ಕರೆಯುವವರು ಕಡಿಮೆಯಾದರು.

ಹೀಗಿರುವಾಗ ಜಡೆಪ್ಪ ಸಾವ್ಕಾರರ ತಲೆಗೆ ಕಾಗೆ ಬಡಿಯಿತು.

ಜಡೆಪ್ಪ ಮೊದಲು ಕಂಪ್ಲಿಯಲ್ಲಿ ಭತ್ತದ ಮಿಲ್ಲು ನಡೆಸುತ್ತಿದ್ದವರು. ಸಂಡೂರಿನ ಒಂದು ಗುಡ್ಡದಲ್ಲಿ ಪಾಲು ಸಿಕ್ಕ ಮೇಲೆ ಅಕ್ಕಿಯ ಧೂಳು ಕೊಡವಿಕೊಂಡು, ಅದಿರಿನ ಧೂಳು ಬಳಿದುಕೊಂಡು, ಹೊಸಪೇಟೆಯಲ್ಲಿ ಮನೆ ಕಟ್ಟಿಸಿದರು. ಮನೆ ಎಷ್ಟು ದೊಡ್ಡದೆಂದರೆ ಅಡುಗೆಮನೆಯಿಂದ ಹೊರಟ ಬಿಸಿ ಉಪ್ಪಿಟ್ಟು ಪಡಸಾಲೆ ಮುಟ್ಟುವಷ್ಟರಲ್ಲಿ ಆರಿ, ಮತ್ತೆ ಬಿಸಿ ಮಾಡಲು ಅರ್ಧ ದಾರಿಯಲ್ಲಿ ಇನ್ನೊಂದು ಒಲೆ ಇಟ್ಟಿದ್ದರಂತೆ. ಒಂದು ಬೆಳಿಗ್ಗೆ ಅವರು ಹೊಸ ಜೀಪು ಹತ್ತಲು ಹೊರಟಾಗ ಮೇಲಿನಿಂದ ರಪ್ಪನೆ ಏನೋ ಬಂದು ನೆತ್ತಿಗೆ ಬಡಿದು ಹೋಯಿತು.

“ಗರುಡ!” ಎಂದರು ಜಡೆಪ್ಪ, ತಲೆ ಹಿಡಿದುಕೊಂಡು. “ಕೆಂಪಗಿತ್ತು. ರಾಜಯೋಗ ಇದು.”

ಅವರ ಹೆಂಡತಿ ನೀಲಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. “ಗರುಡ ಕಾ ಕಾ ಅಂತೈತೇನ್ರಿ? ಅದು ಕಾಗಿ. ನಿಮ್ಮ ಗುಡ್ಡದ ಧೂಳು ಬಳ್ಕಂಡೈತಿ ಅಷ್ಟ.”

ಜಡೆಪ್ಪನ ಮುಖ ಬಿಳಿಚಿತು. ಕಾಗೆ ತಲೆಗೆ ಬಡಿದರೆ ಗಂಡಾಂತರ. ಅದಕ್ಕೆ ಪರಿಹಾರವೂ ಎಲ್ಲರಿಗೂ ಗೊತ್ತಿರುವುದೇ. ಕಾಗೆ ಮುಟ್ಟಿದವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಆ ಕಣ್ಣೀರು ಬಿದ್ದೊಡನೆ ಬರಬೇಕಾದ ಸಾವು, ಇಲ್ಲಿ ಆಗಲೇ ಅತ್ತಾಗಿದೆ ಎಂದು ತಿರುಗಿ ಹೋಗುತ್ತದೆ. ಆಮೇಲೆ ನಿಜ ಹೇಳಿ ಬಾಯಿಗೆ ಸಕ್ಕರೆ ಹಾಕಬೇಕು. ಇದೆಲ್ಲ ದೀಪ ಹಚ್ಚುವ ಹೊತ್ತಿನೊಳಗೆ ಆಗಬೇಕು. ಗುಡ್ಡವನ್ನು ಡೈನಮೈಟಿಟ್ಟು ಹಾರಿಸುವಾಗ ಹೆದರದ ಜಡೆಪ್ಪ ಈಗ ಕಾಗೆಗೆ ಹೆದರಿ ಸೋಫಾದ ಮೇಲೆ ಕಾಲು ಮಡಚಿ ಕೂತರು.

“ಫೋನ್ ಹಚ್ಚಿ ಹೇಳಿದ್ರ ಆತಲ್ಲ?” ಎಂದರು.

“ಫೋನಿನ್ಯಾಗ ಕಣ್ಣೀರು ಕಾಣ್ತಾವೇನ್ರಿ? ಆ ಕಡಿಯೋರು ನಕ್ಕೋತ ಅತ್ರ ನಿಮ್ಮ ಗತಿ ಏನು? ಕಣ್ಣಿಲೆ ನೋಡ್ಕಂಡು ಬರೋ ಮನಶಾ ಬೇಕು. ಕಂಪ್ಲಿ ಕೊಟ್ರಯ್ಯನೋರ್ನ ಕರಸ್ರಿ.”

ಜೀಪು ಹೋಗಿ ಕೊಟ್ರಯ್ಯನನ್ನು ತಂದಿತು. ವಿಷಯ ಕೇಳಿ ಅವನು ವಲ್ಲಿ ಝಾಡಿಸಿದ. “ಸುಳ್ಳು ಸುದ್ದಿ ಒಯ್ದೋನಲ್ಲ ನಾನು. ಆದ್ರೂ ಒಂದು ಜೀವ ಉಳಿಯೋ ಮಾತು. ಚಿಂತಿ ಬಿಡ್ರಿ ಸಾವ್ಕಾರ್ರ, ಸಂಜಿಮಟ ಯಾಕ? ಮಧ್ಯಾಹ್ನದೊಳಗ ಸಂಡೂರಾಗ ಕಣ್ಣೀರಿನ ಕಾಲುವಿ ಹರಸ್ತೀನಿ. ಶಿವನ ಪಾದ ಅಂತ ಒಂದು ಸಲ—”

“ಏನ್ರಿ, ನನಗ ಬರೇ ಪಾದನಾ?” ಜಡೆಪ್ಪ ನೆಟ್ಟಗೆ ಕೂತರು. “ಮೊನ್ನಿ ಆ ಟೈರ್ ಅಂಗಡಿಯವ್ನಿಗೆ ಲಿಂಗೈಕ್ಯ ಅಂತ ಹಾಕಿದ್ರು. ನನಗ ಲಿಂಗೈಕ್ಯ ಅನ್ಬೇಕು.”

“ಅದು ಅಜ್ಜಾರಿಗೆ ಅನ್ನೋ ಮಾತ್ರಿ.”

“ಟೈರಿನವ್ನು ಯಾವ ಮಠದ ಅಜ್ಜ?”

ಕೊಟ್ರಯ್ಯ ಆಗಲೆಂದು ವಲ್ಲಿ ಹೆಗಲಿಗೆ ಹಾಕಿದ. ಜಡೆಪ್ಪನನ್ನು ನೀಲಗಂಗಮ್ಮ ಒಳಕೋಣೆಗೆ ತಳ್ಳಿ ಬಾಗಿಲು ಹಾಕಿದಳು. ನೆಂಟರು ಅತ್ತ ಸುದ್ದಿ ಬರುವ ತನಕ ಸತ್ತವನು ಬೀದಿಯಲ್ಲಿ ಕಾಣಬಾರದು. ಡ್ರೈವರ್ ಉಚ್ಚೆಂಗೆಪ್ಪ ಜೀಪು ಹೊರಡಿಸಿದ.

ಮೊದಲು ಸಂಡೂರು. ನೀಲಗಂಗಮ್ಮನ ತಮ್ಮ ಬಸವಕುಮಾರ್ ಅಲ್ಲಿ ಜಡೆಪ್ಪನ ಲಾರಿಗಳ ಉಸ್ತುವಾರಿ ನೋಡುತ್ತಿದ್ದ. ಅದಿರಿನ ರಾಶಿಗಳ ನಡುವೆ ಕರಿ ಕನ್ನಡಕ ಹಾಕಿಕೊಂಡು, ಒಂದೊಂದು ಕಿವಿಗೆ ಒಂದೊಂದು ಫೋನು ಹಿಡಿದು ನಿಂತಿದ್ದ.

“ಬರ್ರಿ ಅಯ್ಯನೋರ, ಕುಂದ್ರಿ. ಏನು ಅಪರೂಪ?”

“ಕುಂದ್ರೋ ಸುದ್ದಿ ತಂದಿಲ್ಲಪಾ.” ಕೊಟ್ರಯ್ಯ ವಲ್ಲಿ ಕೈಗೆ ತಗೊಂಡ. ಆಕಾಶ ನೋಡಿದ. “ಎಂಥಾ ಜೀವ… ನಿಮ್ಮ ಅಕ್ಕನ ಯಜಮಾನ್ರು, ಜಡೆಪ್ಪ ಸಾವ್ಕಾರ್ರು… ಲಿಂಗೈಕ್ಯರಾದ್ರು.”

ಬಸವಕುಮಾರ್ ಎರಡೂ ಫೋನು ಇಳಿಸಿದ. ಕನ್ನಡಕ ತೆಗೆದ. ಕೆಂಪಗಾದ ಎರಡೂ ಕಣ್ಣುಗಳಿಂದ ಧಾರೆ ಧಾರೆಯಾಗಿ ನೀರು ಇಳಿಯುತ್ತಿತ್ತು. ಕೊಟ್ರಯ್ಯ ಉಚ್ಚೆಂಗೆಪ್ಪನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

“ಅಳಪಾ, ಅತ್ತುಬಿಡು. ಎದ್ಯಾಗ ಇಟ್ಕಬ್ಯಾಡ.”

“ಅಳಾಕತ್ತಿಲ್ರಿ. ಇದು ಧೂಳು. ಕನ್ನಡಕ ತೆಗೆದ್ರ ಹಿಂಗ ಸುರೀತೈತಿ, ಡ್ರಾಪ್ಸ್ ಬಿಡ್ತೀನಿ.” ಅಷ್ಟು ಹೇಳಿ ಬಸವಕುಮಾರ್ ಕನ್ನಡಕ ಮತ್ತೆ ಏರಿಸಿದ. “ಲಿಂಗೈಕ್ಯ ಅಂದ್ರಲ್ಲ? ಹಂಗಾದ್ರ ಕಾರ್ಯಕ್ರಮ ದೊಡ್ಡದಾಗೇ ಮಾಡ್ಬೇಕು.”

ಒಂದು ಫೋನು ಕಿವಿಗೆ ಹೋಯಿತು. “ಲೇ, ಫ್ಲೆಕ್ಸ್ ಒಂದು ಅರ್ಜೆಂಟ್ ಆಗ್ಬೇಕು. ಲಿಂಗೈಕ್ಯ ಜಡೆಪ್ಪನವರು ಅಂತ ದಪ್ಪಕ್ಷರ. ಮಾಮಾಂದು ಫೋಟೊ ಮ್ಯಾಲ ಮೋಡದಾಗ ಹಾಕು. ಕೆಳಗ ನಂದು. ಹೂಂ, ನಾನು ಫೋನ್ ಹಿಡ್ಕಂಡಿರೋದು. ಇಲ್ಲಲೇ, ಮೋಡದಾಗ ಜಾಗ ಸಾಲದಿದ್ರ ಮಾಮಾನ್ನ ಸಣ್ಣ ಮಾಡು.”

ಕೊಟ್ರಯ್ಯ ಇನ್ನಷ್ಟು ಹೊತ್ತು ನಿಂತ. ಎರಡು ಸಲ ನಿಟ್ಟುಸಿರು ಬಿಟ್ಟು ನೋಡಿದ. ಬಸವಕುಮಾರ್ ಮೆರವಣಿಗೆಗೆ ಡೊಳ್ಳಿನವರನ್ನು ಗೊತ್ತು ಮಾಡುತ್ತಿದ್ದ. ಇಲ್ಲೇ ತಪ್ಪಾದದ್ದು. ಅತ್ತ ಮೇಲೆ ನಿಜ ಹೇಳಬೇಕೆಂಬುದು ಪದ್ಧತಿ. ಅಳದೇ ಇದ್ದವರಿಗೆ ಏನು ಹೇಳಬೇಕೆಂದು ಪದ್ಧತಿ ಮಾಡಿದ ಹಿರಿಯರು ಹೇಳಿರಲಿಲ್ಲ. ಅಂಥ ನೆಂಟರು ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಕೊಟ್ರಯ್ಯ ನಿಜ ಹೇಳದೆ ಜೀಪು ಹತ್ತಿದ.

“ಅದು ನನ್ನ ಮಾತಲ್ಲಲೇ,” ಎಂದ ಉಚ್ಚೆಂಗೆಪ್ಪನಿಗೆ. “ಲಿಂಗೈಕ್ಯ ಅಂದ್ರ ಮಂದಿ ಪೆಂಡಾಲ್ ಹಾಕ್ತಾರ, ಅಳಂಗಿಲ್ಲ. ಮುಂದಿನ ಮನ್ಯಾಗ ನೋಡು, ನನ್ನ ಮಾತು ಬಿಡ್ತೀನಿ.”

ಮುಂದಿನದು ತೋರಣಗಲ್ಲು. ಜಡೆಪ್ಪನ ಅಣ್ಣನ ಮಗ ವೀರೇಶ್ ಕಾರ್ಖಾನೆಗೆ ಕೂಲಿಯಾಳು ಒದಗಿಸುವವನು. ಗೇಟಿನ ಹೊರಗೆ, ಶಿಫ್ಟ್ ಬಿಟ್ಟ ಜನಜಂಗುಳಿಯಲ್ಲಿ ಕೊಟ್ರಯ್ಯ ಅವನನ್ನು ಹಿಡಿದು, ದನಿಯನ್ನೆಲ್ಲ ಕೂಡಿಸಿ, “ನಿಮ್ಮ ಚಿಗಪ್ಪ ಶಿವನ ಪಾದ ಸೇರಿದ್ರು” ಎಂದ.

“ಅಯ್ಯೋ ಪಾಪ,” ಎಂದ ವೀರೇಶ್. “ಮಣ್ಣು ಯಾವಾಗ್ರಿ? ಬೆಳಿಗ್ಗೆ ಇಟ್ಕಂಡ್ರ ಬರ್ತೀನಿ. ಮಧ್ಯಾಹ್ನ ಆದ್ರ ನನಗ ಸೆಕೆಂಡ್ ಶಿಫ್ಟಿಗೆ ಆಳು ಬಿಡೋದೈತಿ.”

ತಿರುಗಿ ಬರುವಾಗ ಉಚ್ಚೆಂಗೆಪ್ಪನಿಗೆ ನಗು ತಡೆಯಲಾಗಲಿಲ್ಲ. “ಅಯ್ಯನೋರ, ನಿಮ್ಮ ಮಾತು ಎಕ್ಸ್‌ಪೈರ್ ಆಗೈತ್ರಿ.”

ಕೊಟ್ರಯ್ಯ ಸೂರ್ಯನ ಕಡೆ ನೋಡಿದ. ಹೊತ್ತು ಇಳಿಯುತ್ತಿತ್ತು. ಹೊಸಪೇಟೆಯಲ್ಲಿ ಜಡೆಪ್ಪ ಕೋಣೆಯೊಳಗೆ ಕೂತು ಉಸಿರು ಎಣಿಸುತ್ತಿರಬಹುದು. ಇನ್ನು ಉಳಿದದ್ದು ಒಂದೇ ಮನೆ, ಅದೂ ಹೋಗಿ ಪ್ರಯೋಜನವಿಲ್ಲದ ಮನೆ. ಜಡೆಪ್ಪನ ಅಕ್ಕ ಚೆನ್ನಬಸಮ್ಮ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು. ಆಕೆಯ ಗಂಡ ಹೋದಾಗ ಜಡೆಪ್ಪ ಮಣ್ಣಿಗೆ ಹೋಗಲಿಲ್ಲ. ಹಡಗು ಕಾಯ್ತಾ ಇದೆ, ಲೋಡು ಕಳಿಸಬೇಕು ಎಂದು ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ಚೆನ್ನಬಸಮ್ಮ ತಮ್ಮನ ಹೆಸರು ತೆಗೆದವಳಲ್ಲ.

ಹಂಪಿಯ ಹತ್ತಿರ ಕಾಲುವೆಯ ಪಕ್ಕದ ಬಾಳೆ ತೋಟದಲ್ಲಿ ಆಕೆ ಕುಡುಗೋಲು ಹಿಡಿದು ಎಲೆ ಕೊಯ್ಯುತ್ತಿದ್ದಳು. ಜೀಪು ಯಾರದೆಂದು ಗುರುತಿಸಿ, ತಿರುಗಿ ಎಲೆ ಕೊಯ್ಯತೊಡಗಿದಳು.

“ಯವ್ವಾ,” ಎಂದ ಕೊಟ್ರಯ್ಯ ಬದುವಿನ ಮೇಲೆ ನಿಂತು. ವಲ್ಲಿ ಕೈಗೆ ಬಂತು. “ನಿನ್ನ ತಮ್ಮ ಜಡೆಪ್ಪ ಸಾವ್ಕಾರ್ರು… ಶಿವನ ಪಾದ ಸೇರಿದ್ರು.”

ಕುಡುಗೋಲು ನಿಲ್ಲಲಿಲ್ಲ. “ಶಿವನ ಪಾದನಾ? ಶಿವ ಜ್ವಾಕಿ ಇರ್ಲಿ. ಪಾದದ ಕೆಳಗ ಅದಿರು ಐತೇನಂತ ಅಗದು ನೋಡ್ತಾನ ಅವ್ನು.”

“ಹಂಗನ್ಬ್ಯಾಡ ತಾಯಿ. ದೊಡ್ಡ ಜೀವ, ಕೈಲಾಸಕ್ಕ—”

“ಕೈಲಾಸನೂ ಗುಡ್ಡನ ಅಲ್ಲೇನ್ರಿ ಅಯ್ಯನೋರ? ಇನ್ನ ಅದೂ ಉಳಿಯಂಗಿಲ್ಲ. ನಂದೀನ ಲಾರಿಗೆ ಹೂಡ್ತಾನ.”

ಉಚ್ಚೆಂಗೆಪ್ಪ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಕೊಟ್ರಯ್ಯ ತನಗೆ ಗೊತ್ತಿದ್ದ ಮಾತನ್ನೆಲ್ಲ ತೆಗೆದ. ಋಣ ಮುಗೀತು ಅಂದ. ಶಿವ ಕರಕೊಂಡ ಅಂದ. ದೀಪ ಆರಿತು ಅಂದ. ಒಂದೊಂದಕ್ಕೂ ಚೆನ್ನಬಸಮ್ಮ ಒಂದೊಂದು ಎಲೆ ಕೊಯ್ದು, ಒಂದೊಂದು ಮಾತು ಎಸೆದಳು. ದೀಪ ಆರಿತೆಂದಾಗ, “ಜನರೇಟರ್ ಐತಲ್ಲ ಅವನ ಮನ್ಯಾಗ” ಎಂದಳು. ಸೂರ್ಯ ಬಂಡೆಗಳ ಹಿಂದೆ ಅರ್ಧ ಇಳಿದಿದ್ದ.

ಕೊಟ್ರಯ್ಯ ವಲ್ಲಿಯನ್ನು ತಿರುಗಿ ಹೆಗಲಿಗೆ ಹಾಕಿದ. ಸಾಕಾಗಿತ್ತು. ಜನ್ಮದಲ್ಲಿ ಮನುಷ್ಯರ ಬಗ್ಗೆ ಆಡದ ಮಾತು ತಾನಾಗಿಯೇ ಬಾಯಿಂದ ಬಿತ್ತು.

“ಚೆನ್ನಬಸವ್ವ. ಜಡೆಪ್ಪ ಸತ್ತ.”

ಕುಡುಗೋಲು ನಿಂತಿತು. ಆಕೆ ತಿರುಗಿ ಕೊಟ್ರಯ್ಯನ ಮುಖ ನೋಡಿದಳು. ಕೈಯಲ್ಲಿದ್ದ ಎಲೆಗಳು ಒಂದೊಂದಾಗಿ ಕಾಲುವೆಗೆ ಜಾರಿದವು. ಆಮೇಲೆ ಕೆಸರಿನಲ್ಲೇ ಕುಸಿದು ಕೂತು ಎದೆ ಎದೆ ಬಡಿದುಕೊಂಡಳು.

“ನನ್ನ ಜಡ್ಯಾ… ನನ್ನ ಕಂಕುಳಾಗಿನ ಕೂಸ… ರೊಟ್ಟಿ ತುಣುಕು ನನ್ನ ಕೈಲೆ ತಿಂದ್ರನ ಇಳೀತಿತ್ತಲ್ಲೋ ನಿನಗ… ಒಂದು ಸಲ ಬಂದು ಅಕ್ಕಾ ಅಂದಿದ್ರ ಬೈದು ಸುಮ್ನಾಗ್ತಿದ್ನಲ್ಲೋ…”

ಸಂಡೂರಿನ ಧೂಳು ಇಲ್ಲಿ ಇರಲಿಲ್ಲ. ಬಿದ್ದದ್ದು ಕಣ್ಣೀರೇ. ಉಚ್ಚೆಂಗೆಪ್ಪನ ನಗು ನಿಂತು, ಅವನೂ ಮೂಗು ಒರೆಸಿಕೊಂಡ. ಕೊಟ್ರಯ್ಯ ಬದುವಿನಿಂದ ಇಳಿದು, ಕೆಸರಿಗೆ ಕಾಲಿಟ್ಟು ಹತ್ತಿರ ಹೋದ. “ಸಾಕವ್ವ, ಸಾಕು. ಅದಾನ ನಿನ್ನ ತಮ್ಮ. ಕಾಗಿ ಬಡದಿತ್ತು. ಅಷ್ಟ.”

ಚೆನ್ನಬಸಮ್ಮ ಅಳು ನಿಲ್ಲಿಸಿದಳು. ಮೂಗು ಒರೆಸಿದಳು. ಆಮೇಲೆ ಬಾಳೆಯ ದಿಂಡೊಂದನ್ನು ಎತ್ತಿಕೊಂಡಳು. ಅಯ್ಯನೋರು ಅಂತ ನೋಡದೆ ಆಕೆ ಕೊಟ್ಟ ಏಟಿಗೆ ಕೊಟ್ರಯ್ಯ ಹಂಪಿಯಿಂದ ಆನೆಗೊಂದಿಗೆ ಹೊಳೆ ಮುಟ್ಟದೆ ಹಾರಬೇಕಿತ್ತು. ಜೀಪು ಅಡ್ಡವಿದ್ದುದರಿಂದ ಉಳಿದ. ದಿಂಡನ್ನು ಹಿಡಿದುಕೊಂಡೇ ಆಕೆ ಜೀಪು ಹತ್ತಿದಳು. “ನಡೀಲೇ ಉಚ್ಚೆಂಗ್ಯಾ. ಇದರಾಗ ಅವನ ಪಾಲೂ ಐತಿ.”

ಹೊಸಪೇಟೆಯ ಮನೆಯ ಮುಂದೆ ಮೂರಾಳೆತ್ತರದ ಫ್ಲೆಕ್ಸ್ ಆಗಲೇ ನಿಂತಿತ್ತು. ಬಸವಕುಮಾರ್ ಕೆಳಗೆ ಆನೆಯಷ್ಟು ದೊಡ್ಡದಾಗಿ ಫೋನ್ ಹಿಡಿದು ನಿಂತಿದ್ದ. ಮೇಲೆ ಮೋಡದ ಮೂಲೆಯಲ್ಲಿ ಜಡೆಪ್ಪ ಅಂಚೆ ಚೀಟಿಯಷ್ಟಿದ್ದರು. ಹಾರ ಹಿಡಿದ ನಾಲ್ಕಾರು ಜನ ಗೇಟಿನಲ್ಲಿ ಹೆಣ ಎಲ್ಲಿದೆ ಎಂದು ಕೇಳುತ್ತಿದ್ದರು. ಹೆಣ ಕೋಣೆಯ ಕಿಟಕಿಯಿಂದ ಇಣುಕಿ ಹಲ್ಲು ಕಡಿಯುತ್ತಿತ್ತು.

“ಅತ್ರಾ? ಯಾರರ ಅತ್ರಾ?” ನೀಲಗಂಗಮ್ಮ ದೀಪದ ಮುಂದೆ ಕಡ್ಡಿ ಗೀರದೆ ಹಿಡಿದುಕೊಂಡೇ ನಿಂತಿದ್ದಳು.

ಕೊಟ್ರಯ್ಯ ಹಿಂದಕ್ಕೆ ತೋರಿಸಿದ. ಚೆನ್ನಬಸಮ್ಮನ ಕಣ್ಣು ಊದಿದ್ದನ್ನು ನೋಡಿ ನೀಲಗಂಗಮ್ಮ ಕಡ್ಡಿ ಗೀರಿದಳು, ಕೋಣೆಯ ಬಾಗಿಲು ತೆಗೆದಳು. ಹೊರಗೆ ಬಂದ ಜಡೆಪ್ಪನ ಬೆನ್ನಿಗೆ ಬಾಳೆ ದಿಂಡು ಬಿತ್ತು. “ಮಣ್ಣಿಗೆ ಬರಾಕ ಹಡಗು ಅಡ್ಡ ಬಂತಾ ನಿನಗ?” ಎಂದು ಒಂದು. “ಅಕ್ಕನ್ನ ಅಳಿಸಾಕ ಕಾಗಿ ಬೇಕಾತಾ?” ಎಂದು ಇನ್ನೊಂದು. ಮೂರನೆಯದಕ್ಕೆ ಜಡೆಪ್ಪ ಆಕೆಯ ಕಾಲು ಹಿಡಿದುಕೊಂಡಿದ್ದರು. ಇಬ್ಬರೂ ಅತ್ತರು. ನೀಲಗಂಗಮ್ಮ ಇಬ್ಬರ ಬಾಯಿಗೂ ಸಕ್ಕರೆ ಹಾಕಿದಳು.

ಸಕ್ಕರೆ ಕರಗುವ ಮೊದಲೇ ಜಡೆಪ್ಪನಿಗೆ ಸಾವ್ಕಾರಿಕೆ ತಿರುಗಿ ಬಂತು. ಅದಕ್ಕೂ ಕಾರಣ ಚೆನ್ನಬಸಮ್ಮನೇ. “ಈ ಅಯ್ಯನೋರು ಪಾದ ಗೀದ ಅಂದಾಗ ಏನೂ ಅನಿಸ್ಲಿಲ್ಲ. ಸತ್ತ ಅಂದ್ರು ನೋಡು, ಜೀವ ಝಲ್ ಅಂತು” ಎಂದುಬಿಟ್ಟಳು.

ಜಡೆಪ್ಪ ಹಾರದವರ ಮುಂದೆ, ಫ್ಲೆಕ್ಸಿನ ಮುಂದೆ, ಕೊಟ್ರಯ್ಯನ ಕಡೆ ತಿರುಗಿದರು.

“ಏನ್ರಿ ಕೊಟ್ರಯ್ಯ! ಲಿಂಗೈಕ್ಯ ಅನ್ರಿ ಅಂತ ಕಳಿಸಿದ್ರ, ನನಗ ಎಮ್ಮಿಗೆ ಅಂದಂಗ ಸತ್ತ ಅಂದ್ರ್ಯಾ?”

ಕೊಟ್ರಯ್ಯ ಬೆನ್ನು ಸವರಿಕೊಂಡು ಹೇಳಿದ: “ಲಿಂಗೈಕ್ಯ ಅಂದ ಮನ್ಯಾಗ ನೀವು ಸತ್ತೇ ಹೋಗಿದ್ರಿ ಸಾವ್ಕಾರ್ರ. ಸತ್ತ ಅಂದ ಮನ್ಯಾಗ ಬದುಕಿದ್ರಿ.”